ಕೂಗು ನಿಂತರೆ ಓಡಿ ಬನ್ನಿ

ನಾನು ಮದುವೆಯಾಗಿ ಈಶ್ವರಮಂಗಲದ ಮನೆಗೆ ಬಂದ ಮರುವರ್ಷ ನಮ್ಮ ರಬ್ಬರಿನ ಹೊಗೆಗೂಡು ಸುಟ್ಟುಹೋಯಿತು. ಎಂಬತ್ತರ ದಶಕದ ಶುರುವಿನ ಮಾತು. ಹೊಗೆಗೂಡೆಂದರೆ ಮಣ್ಣಿನ ಗೋಡೆಯ ಒಂದು ಪುಟ್ಟ ಕೋಣೆ. ಒಳಗೆ ಬಿದಿರಿನ ಗಳಗಳ ಮೇಲೆ ರಬ್ಬರ್ ಹಾಳೆಗಳನ್ನು ಒಗೆದ ಬಟ್ಟೆಯಂತೆ ನೇತುಹಾಕಿ, ಕೆಳಗೆ ನಾಲ್ಕು ದಿನ ಹಸಿ ಸೌದೆ, ತೆಂಗಿನ ಸಿಪ್ಪೆ ಹಾಕಿ ಹೊಗೆ ಹಿಡಿಸಬೇಕು. ಬೆಂಕಿ ಆರಿದರೆ ಹಾಳೆಗೆ ಬೂಸರು ಹಿಡಿಯುತ್ತದೆ. ಹೆಚ್ಚಾದರೆ ಹಾಳೆ ಕರಗಿ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕಿದ್ದು ಹೊತ್ತಿಕೊಳ್ಳುತ್ತದೆ.

ಆ ಸಲ ಹೊತ್ತಿಕೊಂಡಿತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಮಾವ ಅನ್ನಕ್ಕೆ ಮಜ್ಜಿಗೆ ಕಲಸಿಕೊಳ್ಳುತ್ತ, "ಇವತ್ತು ಹೊಗೆ ಒಳ್ಳೆ ಬರ್ತಾ ಉಂಟು" ಎಂದರು. ನಾವು ಕೈತೊಳೆಯುವಷ್ಟರಲ್ಲಿ ಹೊಗೆಗೂಡಿನ ಹೆಂಚಿನ ಮಾಡು ಕುಸಿದಿತ್ತು.

ಅಂದಿನಿಂದ ಮಾವನಿಗೆ ಬೆಂಕಿಯ ಭಯ ಹತ್ತಿತು. ಬೆಂಕಿಪೆಟ್ಟಿಗೆಯನ್ನು ನೀರಿನ ಹಂಡೆಯ ಪಕ್ಕದಲ್ಲೇ ಇಡಬೇಕೆಂದು ಕಟ್ಟಪ್ಪಣೆ ಮಾಡಿದರು. ಕಡ್ಡಿಗಳು ತೇವವಾಗಿ, ಒಲೆ ಹಚ್ಚುವುದೇ ನನಗೂ ಅತ್ತೆಗೂ ದಿನದ ದೊಡ್ಡ ಕೆಲಸವಾಯಿತು.

ಗುಡ್ಡದ ಕೆಳಗಿನ ಮನೆಯವರೊಬ್ಬರು ಗಲ್ಫಿನಿಂದ ರಜೆಯಲ್ಲಿ ಬಂದಿದ್ದರು. ಸುದ್ದಿ ಕೇಳಿ ನೋಡಲು ಬಂದವರು ಚೀಲದಿಂದ ಒಂದು ಬಿಳಿ ಬಿಲ್ಲೆ ತೆಗೆದುಕೊಟ್ಟರು. ಊಟದ ಬಟ್ಟಲನ್ನು ಕವುಚಿ ಹಾಕಿದಷ್ಟು ದೊಡ್ಡದು.

"ಅಲ್ಲಿ ನಮ್ಮ ರೂಮು ರೂಮಿಗೂ ಉಂಟು ಇದು. ವಯರು ಬೇಡ, ಎಂತದೂ ಬೇಡ. ಒಳಗೆ ಬ್ಯಾಟ್ರಿ. ಹೊಗೆ ಬಂದ್ರೆ ಕೂಗ್ತದೆ" ಎಂದರು.

"ಹೊಗೆ ಬಂದದ್ದು ನಮಗೆ ಗೊತ್ತಾಗುದಿಲ್ವಾ? ಮತ್ತೆ ಮೂಗು ಎಂತಕ್ಕೆ ಇರುದು?" ಎಂದರು ಅತ್ತೆ.

ಮಾವ ಎರಡು ದಿನ ಕೂತು, ಅದರ ಜೊತೆಗಿದ್ದ ಇಂಗ್ಲಿಷ್ ಕೈಪಿಡಿಯನ್ನು ಡಿಕ್ಷನರಿ ನೋಡಿ ಓದಿದರು. ನನ್ನ ಗಂಡ ಏಣಿ ಹತ್ತಿ ಬಿಲ್ಲೆಯನ್ನು ಅಡುಗೆಮನೆಯ ಜಂತಿಗೆ ಮೊಳೆ ಹೊಡೆದು ಕೂರಿಸಿದರು. ಮರುದಿನ ನಾನು ಮೆಣಸು ಹುರಿಯಲು ಬಾಣಲೆ ಇಟ್ಟದ್ದಷ್ಟೇ. ಕಿವಿಯೊಳಗೆ ಸೂಜಿ ಚುಚ್ಚಿದಂಥ ಕೂಗು! ಹಟ್ಟಿಯಲ್ಲಿ ದನ ಹಗ್ಗ ಕಿತ್ತುಕೊಂಡಿತು. ಅಲ್ಲಿಂದ ತೆಗೆದು ಬಚ್ಚಲಿಗೆ ಹಾಕಿದರು. ಮೀಯಲು ಹೋದವರೆಲ್ಲ ಅರ್ಧ ಮಿಂದು ಓಡಿಬಂದರು. ದೇವರ ಕೋಣೆಗೆ ಹಾಕಿದರು. ಒಂದು ವಾರ ಅತ್ತೆ ಊದುಬತ್ತಿಯನ್ನು ಅಂಗಳದಲ್ಲಿ ಹಚ್ಚಿ, ದೂರದಿಂದಲೇ ದೇವರಿಗೆ ತೋರಿಸಿದರು. ಕೊನೆಗೆ ಅವರೇ ಹೇಳಿದರು: "ಈ ಮನೆಯಲ್ಲಿ ಹೊಗೆ ಇಲ್ಲದ ಜಾಗ ಅಂದ್ರೆ ಬಾವಿ ಒಂದೇ. ಅದಕ್ಕೆ ಹಾಕಿ."

ಅಷ್ಟರಲ್ಲಿ ಹೊಸ ಹೊಗೆಗೂಡು ಎದ್ದಿತ್ತು. ಒಂದು ಬೆಳಿಗ್ಗೆ ಚಾವಡಿಯಲ್ಲಿ ಕೂತಿದ್ದ ಮಾವ ಇದ್ದಕ್ಕಿದ್ದಂತೆ ಎದ್ದು ನಿಂತರು.

"ನಾವು ಇದನ್ನು ತಲೆಕೆಳಗೆ ಅರ್ಥ ಮಾಡಿದ್ದು. ಹೊಗೆಗೂಡಿನಲ್ಲಿ ಹೊಗೆ ಇದ್ರೇ ಕ್ಷೇಮ ಅಲ್ವಾ? ಅಲ್ಲಿ ಹಾಕುವ. ಕೂಗ್ತಾ ಇದ್ರೆ ಎಲ್ಲ ಸರಿ ಉಂಟು ಅಂತ. ಕೂಗು ನಿಂತ್ರೆ ಬೆಂಕಿ ಆರಿದೆ ಅಂತ. ಆಗ ಓಡುದು."

ಯಾರಿಗೂ ತಪ್ಪು ಹುಡುಕಲಾಗಲಿಲ್ಲ. ಆದರೆ ಅದರೊಳಗಿನ ಬ್ಯಾಟ್ರಿ ನಾಲ್ಕು ದಿನ ಕೂಗುವಷ್ಟು ಗಟ್ಟಿ ಇರಲಿಲ್ಲ. ಪುತ್ತೂರಿನ ಒಬ್ಬ ರೇಡಿಯೋ ರಿಪೇರಿಯವರು ಬಿದಿರಿನ ಅಂಡೆಯಲ್ಲಿ ಆರು ಟಾರ್ಚ್ ಸೆಲ್ಲು ತುಂಬಿಸಿ ಬಿಲ್ಲೆಗೆ ಜೋಡಿಸಿಕೊಟ್ಟರು. ವಯರು ಬೇಡದ ಯಂತ್ರಕ್ಕೆ ಎರಡು ಮಾರು ವಯರು ಬಂತು. ಹೊಗೆ ಹೊರಬರುವ ಕಿಂಡಿಯ ಮೇಲೆ, ಮಾಡಿನ ಅಂಚಿನಡಿ ಅದನ್ನು ತೂಗುಹಾಕಿದರು.

ಮೊದಲ ಸಲ ಕೂಗಿದಾಗ ಸುತ್ತಿನ ನಾಲ್ಕು ಮನೆಯವರೂ ಕೊಡಪಾನ ಹಿಡಿದು ಓಡಿಬಂದರು. ಮಾವ ಎಲ್ಲರನ್ನೂ ಕೂರಿಸಿ, ಕಾಫಿ ಕೊಡಿಸಿ, ವಿಷಯ ತಿಳಿಸಿದರು. "ಕೂಗಿದ್ರೆ ಬರುದು ಬೇಡ. ಕೂಗು ನಿಂತ್ರೆ ಮಾತ್ರ ಓಡಿ ಬನ್ನಿ. ನಾವು ಮಲಗಿದ್ರೂ ನಿಮಗೆ ಗೊತ್ತಾಗ್ಬೇಕಲ್ಲ." ಅವರು ಮುಖ ಮುಖ ನೋಡಿಕೊಂಡು ಒಪ್ಪಿದರು.

ನಾಲ್ಕು ದಿನ ಅದು ಕೂಗಿತು. ಉಪ್ಪು ಬೇಕಾದರೂ ಬೊಬ್ಬೆ ಹೊಡೆದು ಕೇಳಬೇಕು. ಅದೇ ಹೊತ್ತಿಗೆ ಕಡಬದಿಂದ ನನ್ನ ಅಮ್ಮ ನನ್ನನ್ನು ನೋಡಲು ಬಂದರು. ಬಂದವರು ಕಾಲು ತೊಳೆಯದೆ ಮೆಟ್ಟಿಲಲ್ಲೇ ನಿಂತು, "ಎಂತ ಅದು? ಎಂತಾಗಿದೆ ಇಲ್ಲಿ?" ಎಂದು ಕಿವಿ ಮುಚ್ಚಿಕೊಂಡರು.

"ಒಳಗೆ ಬನ್ನಿ, ಒಳಗೆ ಬನ್ನಿ" ಎಂದು ಮಾವ ಕೂಗಿ ಹೇಳಿದರು. "ಅದು ಕೂಗ್ತಾ ಇರುವಷ್ಟು ಹೊತ್ತು ಹೆದರ್ಲಿಕ್ಕೆ ಎಂತದೂ ಇಲ್ಲ!"

ಅಮ್ಮ ಒಂದು ರಾತ್ರಿ ನಿಲ್ಲುವ ಯೋಚನೆಯಲ್ಲಿ ಬಂದವರು ಸಂಜೆಯ ಬಸ್ಸಿಗೇ ಹೋದರು. ಹೋಗುವಾಗ ನನ್ನ ಕೈ ಹಿಡಿದು, "ನಿನ್ನನ್ನು ಚೆನ್ನಾಗಿ ನೋಡಿಕೊಳ್ತಾರಲ್ಲ?" ಎಂದು ಕೇಳಿದರು. ಹೌದು ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಐದನೆಯ ದಿನ ಹಾಳೆ ಹದವಾಯಿತು. ಮಾವ ವಯರು ಕಿತ್ತರು. ಕೈಯೊರೆಸಿಕೊಳ್ಳುವಷ್ಟರಲ್ಲಿ ಒಂಬತ್ತು ಜನ ಒದ್ದೆ ಗೋಣಿ, ಕೊಡಪಾನ ಸಮೇತ ಅಂಗಳಕ್ಕೆ ನುಗ್ಗಿದರು. ಮತ್ತೆ ಕಾಫಿ. ಅಲ್ಲಿಂದ ಮುಂದೆ ಪ್ರತಿ ಸಲ ವಯರು ಕೀಳುವ ಮೊದಲು ಮಾವ ನಾಲ್ಕು ಮನೆಗೂ ನಡೆದುಹೋಗಿ, "ಇನ್ನು ಸ್ವಲ್ಪ ಹೊತ್ತಿಗೆ ನಿಲ್ತದೆ, ಬರುದು ಬೇಡ" ಎಂದು ಹೇಳಿ ಬರತೊಡಗಿದರು. ಮೇಲಿನ ಮನೆಯ ಹೆಂಗಸು ಒಮ್ಮೆ ಕೇಳಿಯೇ ಬಿಟ್ಟರು: "ಹೇಳ್ಲಿಕ್ಕೆ ನೀವೇ ನಡೆದು ಬರುದಾದ್ರೆ, ಬೆಂಕಿ ಬಿದ್ದಾಗಲೂ ನೀವೇ ಬಂದು ಹೇಳ್ಬಹುದಲ್ಲ ಮಾರಾಯ್ರೆ?"

ಮಾವ ಈ ಪ್ರಶ್ನೆಯನ್ನು ಮನೆಗೆ ತಂದು ಬಹಳ ಹೊತ್ತು ಯೋಚಿಸಿದರು.

ಬೇಸಗೆ ಶುರುವಾಗಿತ್ತು. ಒಂದು ಮಧ್ಯಾಹ್ನದ ಮೇಲೆ ಗಂಡ ಜಾಲ್ಸೂರಿಗೆ ಹೋಗಿದ್ದರು, ಮಾವ ಮಲಗಿದ್ದರು, ನಾನು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಆ ಸಲ ಕೂಗು ಶುರುವಾಗಿ ಮೂರನೆಯ ದಿನ. ಅದು ನಿಂತಿತು. ನಿಜ ಹೇಳಬೇಕೆಂದರೆ ನಾನು ಏಳಲಿಲ್ಲ. ಮರದಲ್ಲಿ ಯಾವುದೋ ಹಕ್ಕಿ ಇತ್ತು, ಅದರ ದನಿ ಕೇಳಿತು. ಮೊರದಲ್ಲಿ ಅಕ್ಕಿ ಜಾರುವ ಸದ್ದು ಕೇಳಿತು. ಎಷ್ಟು ಹಿತ ಎನಿಸಿತೆಂದರೆ ಕಣ್ಣು ಮುಚ್ಚಿಕೊಂಡೆ.

"ನಿಂತಿತು! ನಿಂತಿತು!"

ಮೇಲಿನ ಮನೆಯ ಹೆಂಗಸು ಕೊಡಪಾನ ಹೊತ್ತು ಇಳಿಜಾರಿನಲ್ಲಿ ಓಡಿಬರುತ್ತಿದ್ದರು. ಆಗ ನನಗೆ ಎಚ್ಚರವಾಯಿತು. ಕಿಂಡಿಯಿಂದ ಹೊಗೆಯಲ್ಲ, ಕೆಂಪು ಜ್ವಾಲೆಯೇ ಹೊರಗೆ ನಾಲಗೆ ಚಾಚಿತ್ತು. ಬಿಲ್ಲೆ ಮೇಣದಂತೆ ಕರಗಿ ಗೋಡೆಗೆ ಅಂಟಿತ್ತು. ಉಳಿದ ಮನೆಗಳವರೂ ಬಂದರು. ಒದ್ದೆ ಗೋಣಿ ಬಡಿದೆವು, ಮಣ್ಣು ಎರಚಿದೆವು, ಗಳ ಸಮೇತ ಹಾಳೆಗಳನ್ನು ಎಳೆದು ಹಾಕಿದೆವು. ಅತ್ತೆಯ ಹುಬ್ಬು ಸುಟ್ಟಿತು. ಅರ್ಧ ಹಾಳೆ ಉಳಿಯಿತು, ಮಾಡೂ ಉಳಿಯಿತು.

ಎಲ್ಲರೂ ಮಾವನ ಬುದ್ಧಿವಂತಿಕೆಯನ್ನು ಹೊಗಳಿದರು. ಮಾವ ಮಾತ್ರ ಆ ಕರಗಿದ ಉಂಡೆಯನ್ನು ಅಂಗೈಯಲ್ಲಿ ಹಿಡಿದು ಸಪ್ಪೆಯಾಗಿ ನಿಂತಿದ್ದರು. "ಇದು ಬೆಂಕಿ ಆರಿ ನಿಂತದ್ದಲ್ಲ. ಬೆಂಕಿ ಹೆಚ್ಚಾಗಿ, ಕರಗಿ ನಿಂತದ್ದು. ನಾನು ಹೇಳಿದ್ದೇ ಬೇರೆ, ಆದದ್ದೇ ಬೇರೆ" ಎಂದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರಿಗೆ ಅದರಿಂದ ಸಮಾಧಾನವಾಗಲಿಲ್ಲ. ಮರುದಿನ ಒಗೆದ ಅಂಗಿ ಹಾಕಿಕೊಂಡು, ತಮ್ಮ ತರ್ಕ ತಪ್ಪಿತ್ತೆಂದು ತಿಳಿಸಲು ನಾಲ್ಕು ಮನೆಗೂ ಹೊರಟರು. ಬೆಳಿಗ್ಗೆ ಹೋದವರು ಮೂರು ಗಂಟೆಗೆ ಬಂದರು.

"ಎಂತ, ಅವರಿಗೆ ಅರ್ಥ ಆಯ್ತಾ?" ಎಂದು ಅತ್ತೆ ಕೇಳಿದರು.

"ಇಲ್ಲ" ಎಂದು ಮಾವ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. "ಮೇಲಿನ ಮನೆಯಲ್ಲಿ ಊಟ ಮಾಡಿ ಅಂದ್ರು, ಮಾಡಿದೆ. ಬಂಗುಡೆ ಸಾರು ಒಳ್ಳೇದಿತ್ತು."