ಮುಳಬಾಗಿಲಿನ ಗೋಡೆಯಿಂದ ಇಳಿಸಿದ ಮೂತಿ

ಶ್ರೀನಿವಾಸಪುರಕ್ಕೆ ಹೋಗಿ ಗಾಡಿ ತರುವುದು, ಬೆಳಕಿರುವಾಗಲೇ ನಮ್ಮೂರು ಸುಗಟೂರು ಸೇರುವುದು. ನಾನೂ ಮಗಳು ಭವ್ಯಳೂ ಮನೆ ಬಿಟ್ಟಾಗ ಇದ್ದ ಯೋಚನೆ ಇಷ್ಟೇ. ಜೂನ್ ತಿಂಗಳು, ಮೋಡವಿತ್ತು, ಮಳೆ ಇರಲಿಲ್ಲ. ಕೋಲಾರದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎರಡೂ ಸರ್ಕಾರಿ ಬಸ್ಸುಗಳಾದ್ದರಿಂದ ಆಧಾರ್ ಕಾರ್ಡ್ ತೋರಿಸಿ ಸೊನ್ನೆ ಟಿಕೆಟ್ಟಿನಲ್ಲಿ ಹೋದೆವು. ಕೋಲಾರದ ಬಸ್ ನಿಲ್ದಾಣದ ಹೊರಗೆ ಇಡ್ಲಿ ತಿಂದೆವು. ಚಟ್ನಿ ನೀರುನೀರಾಗಿತ್ತು.

ಗಾಡಿ ಅಂದರೆ ನಮ್ಮಪ್ಪನ ಹಳೆಯ ಪಿಕಪ್. ನಾನು ಹುಟ್ಟುವ ಮುಂಚೆಯೇ ಕೊಂಡದ್ದು. ತವರೂರು ಹುತ್ತೂರಿನಿಂದ ಕೋಲಾರಕ್ಕೆ ರೇಷ್ಮೆಗೂಡು, ಹುರುಳಿಕಾಯಿ, ಮದುವೆಗೆ ಹೊರಟ ನೆಂಟರು, ಎಲ್ಲವನ್ನೂ ಹೊತ್ತಿತ್ತು. ಅಪ್ಪ ತೀರಿಕೊಂಡ ಮೇಲೆ ನನ್ನ ತಮ್ಮ ಅದನ್ನು ಗುಜರಿಗೆ ಹಾಕಲು ಹೊರಟಿದ್ದ. ನಾನು ಜಗಳವಾಡಿ, ಟ್ರ್ಯಾಕ್ಟರಿಗೆ ಕಟ್ಟಿಸಿ ನಮ್ಮನೆಗೆ ಎಳೆಸಿಕೊಂಡು ಬಂದೆ.

ಭವ್ಯ ಕೋಲಾರದಲ್ಲಿ ಡಿಪ್ಲೊಮಾ ಓದುತ್ತಾಳೆ. ನಾವಿಬ್ಬರೂ ಸೇರಿ ಒಂದು ಕೆಲಸ ಅಂತ ಮಾಡಿದ್ದು ಇದೇ ಮೊದಲು. ಅಲ್ಲಿಯವರೆಗೆ ನಮ್ಮ ನಡುವೆ ಇದ್ದದ್ದು ‘ಊಟ ಆಯ್ತಾ’, ‘ಆ ಫೋನ್ ಇಡು’ ಅನ್ನುವಷ್ಟು ಮಾತು. ಒಂದು ವರ್ಷ ಹುಣಸೆಮರದ ಕೆಳಗೆ ಕೂತು ತುಕ್ಕು ಉಜ್ಜಿದೆವು. ಗೇರ್‌ಬಾಕ್ಸು ಮಾಲೂರಿನ ಇಟ್ಟಿಗೆ ಗೂಡೊಂದರ ಹಿಂದೆ ಸತ್ತು ಬಿದ್ದಿದ್ದ ಬೇರೊಂದು ಗಾಡಿಯದು. ಮೂತಿ, ಅಂದರೆ ಎರಡು ದುಂಡು ಲೈಟು, ನಡುವೆ ಜಾಲಿ ಇರುವ ಮುಂದಿನ ತಗಡು, ಒಳಗಡೆ ಸೀಳಿತ್ತು. ಅದನ್ನು ಭವ್ಯ ತಾನೇ ವೆಲ್ಡಿಂಗ್ ಮಾಡಿದಳು. ಅವಳ ಕೈಯ ಮೊದಲ ವೆಲ್ಡಿಂಗ್ ಅದು. ಇಂಜಿನ್ ಸ್ಟಾರ್ಟ್ ಆದ ದಿನ ಇಬ್ಬರೂ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಹಾವು ಬಂತೇನೋ ಅಂತ ಕೋಲು ಹಿಡಿದು ಓಡಿಬಂದಿದ್ದರು. ಬಣ್ಣ ಮಾತ್ರ ನಮ್ಮ ಕೈಲಾಗದು ಅಂತ ಶ್ರೀನಿವಾಸಪುರದ ಟಿಂಕರಿಂಗ್ ಅಂಗಡಿಯಲ್ಲಿ ಬಿಟ್ಟಿದ್ದೆವು.

ಶ್ರೀನಿವಾಸಪುರದಲ್ಲಿ ಇಳಿದಾಗ ಊರೆಲ್ಲ ಮಾವಿನ ವಾಸನೆ. ಮಂಡಿಗೆ ಹೋಗುವ ಟ್ರ್ಯಾಕ್ಟರುಗಳ ನಡುವೆ ದಾರಿ ಮಾಡಿಕೊಂಡು ಅಂಗಡಿ ತಲುಪಿದೆವು. ಗಾಡಿ ಹೊರಗೇ ನಿಂತಿತ್ತು. ಹಿಂದಿನ ಅರ್ಧಕ್ಕೆ ನೀಲಿ ಬಣ್ಣ, ಮುಂದಿನ ಅರ್ಧಕ್ಕೆ ಬಣ್ಣಕ್ಕೆ ಮುಂಚೆ ಬಳಿಯುವ ಕೆಂಪು ರೆಡ್ ಆಕ್ಸೈಡ್ ಮಾತ್ರ. ಮೂತಿ ಇರಬೇಕಾದ ಕಡೆ ದೊಡ್ಡ ತೂತು, ಒಳಗಿನ ರೇಡಿಯೇಟರ್ ಕಾಣುತ್ತಿತ್ತು.

ಅಂಗಡಿಯ ಶಂಕರಪ್ಪ ಕೈ ಒರೆಸಿಕೊಳ್ಳುತ್ತಾ ಬಂದ. “ಅಕ್ಕಾ, ಆ ತಗಡು ಪೂರ್ತಿ ಹೋಗ್ಬಿಟ್ಟಿತ್ತು. ಫೈಬರ್‌ದು ಹೊಸದು ಹಾಕ್ತೀನಿ, ಫಳಫಳ ಅಂತದೆ.”

“ನಮ್ಮದು ಎಲ್ಲಿ?” ಅಂದೆ.

“ಮುಳಬಾಗಿಲು ಹೈವೇ ಹೋಟ್ಲೋರು ಗೋಡೆಗೆ ಹಾಕ್ಕೊಳ್ಳೋಕೆ ಕೇಳಿದ್ರು, ಕೊಟ್ಟೆ.”

“ಯಾರನ್ನ ಕೇಳಿ ಕೊಟ್ರಿ?” ಅಂದಳು ಭವ್ಯ.

ಅವನು ಅವಳ ಕಡೆ ನೋಡಲೂ ಇಲ್ಲ. “ಮನೆಯವರ್ನ ಕಳ್ಸಿ ಅಕ್ಕಾ. ಗಂಡಸರು ಗಂಡಸರು ಮಾತಾಡ್ಕೊಂತೀವಿ” ಅಂತ ನನಗೆ ಹೇಳಿದ.

ಮನೆಯವರು ನರಸಾಪುರದ ಫ್ಯಾಕ್ಟರಿಯಲ್ಲಿ ಶಿಫ್ಟ್ ಮಾಡುತ್ತಾರೆ. ಆ ಗಾಡಿಯ ಒಂದು ನಟ್ಟನ್ನೂ ಮುಟ್ಟಿದವರಲ್ಲ. ನನ್ನ ಕಿವಿಯವರೆಗೂ ಬಿಸಿ ಏರಿತು. ಆದರೆ ಬಾಯಿಂದ ಬಂದದ್ದು, “ನೋಡಿ ಅಣ್ಣಾ, ಬೇಜಾರ್ ಮಾಡ್ಕೋಬೇಡಿ. ಯಾವ ಹೋಟ್ಲು ಅಂತ ಹೇಳಿ, ಸಾಕು.”

ಮುಳಬಾಗಿಲಿಗೆ ಸಿಕ್ಕಿದ್ದು ಖಾಸಗಿ ಬಸ್ಸು. ಅಲ್ಲಿ ಆಧಾರ್ ನಡೆಯಲಿಲ್ಲ, ಇಬ್ಬರಿಗೂ ಟಿಕೆಟ್ ತೆಗೆದೆ. ಭವ್ಯ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಮಾವಿನ ತೋಪು ಮುಗಿದು ಬಂಡೆಗುಡ್ಡಗಳು ಶುರುವಾದವು. ಆಮೇಲೆ ತಿರುಗಿದಳು.

“ಅವನು ಬೇಜಾರ್ ಮಾಡ್ಕೋಬಾರ್ದಾ? ನಮ್ ವಸ್ತು ಮಾರಿಕೊಂಡೋನು ಅವನು!”

“ಕೂಗಾಡಿದ್ರೆ ಹೋಟ್ಲು ಯಾವ್ದು ಅಂತ ಹೇಳ್ತಿದ್ನೇನೇ?”

“ನೀನು ನನ್ ಮೇಲಾದ್ರೆ ಕೂಗ್ತೀಯ. ಹೊರಗಡೆಯವರಿಗೆಲ್ಲ ಅಣ್ಣಾ, ಸಾರ್.”

ಅವಳು ಅಂದದ್ದು ನಿಜ. ನಿಜ ಅನ್ನುವುದಕ್ಕೇ ಇನ್ನಷ್ಟು ಸಿಟ್ಟು ಬಂತು.

ಹೋಟೆಲ್ಲು ಊರಿಗೆ ಸ್ವಲ್ಪ ಮುಂಚೆ, ಹೆದ್ದಾರಿಯ ಪಕ್ಕದಲ್ಲೇ. ಒಳಗೆ ಹೋದೊಡನೆ ಕಂಡಿತು. ಕೈ ತೊಳೆಯುವ ಜಾಗದ ಮೇಲೆ ನಮ್ಮ ಗಾಡಿಯ ಮೂತಿ, ಲೈಟುಗಳಲ್ಲಿ ಹಳದಿ ಬಲ್ಬು. ಒಬ್ಬ ಕೈ ಒರೆಸಿಕೊಂಡು ಅದರ ಪಕ್ಕ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದ. ಅಪ್ಪ ಬೆಳಿಗ್ಗೆ ಎದ್ದು ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದದ್ದು ಆ ಮುಖವನ್ನ. ಅದರ ಮೇಲೆ ಈಗ ಸಾಂಬಾರಿನ ಕೈ ಕೊಡವಿದ ಕಲೆಗಳು.

ಮಾಲೀಕರು ಬಿಳಿ ಅಂಗಿಯ, ಮೆತ್ತಗೆ ಮಾತಾಡುವ ಮನುಷ್ಯ. “ದುಡ್ಡು ಕೊಟ್ಟು ತಗೊಂಡಿದ್ದೀನಮ್ಮ. ನಿಮ್ದೇ ಅಂತ ಹೆಂಗೆ ನಂಬಲಿ?” ಅಂದರು.

“ಹಿಂದುಗಡೆ ಎಡಕ್ಕೆ ಕೈ ಹಾಕಿ ನೋಡಿ. ಕಾಗೆ ಹಿಕ್ಕೆ ಹಾಕ್ದಂಗೆ ಎರಡು ಉಂಡೆ ವೆಲ್ಡಿಂಗ್ ಇದೆ. ನಾನೇ ಮಾಡಿದ್ದು” ಅಂದಳು ಭವ್ಯ.

ಅವರು ಕೈ ಹಾಕಿ ತಡವಿದರು. ಶಂಕರಪ್ಪನಿಗೆ ಫೋನ್ ಮಾಡಿ, ನಮಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದರು. “ಏನಪ್ಪಾ, ಗುಜರೀಲಿ ಸಿಕ್ಕಿದ್ದು ಅಂದಿದ್ದೆ. ಯಾರೋ ತಾಯಿ ಮಗಳು ಬಂದವ್ರೆ.”

ಅವನು ನಕ್ಕದ್ದು ಊಟಕ್ಕೆ ಕೂತವರಿಗೆಲ್ಲ ಕೇಳಿತು. “ಹೆಂಗಸ್ರು ಸಾರ್. ಒಂದ್ ಗಳಿಗೆ ಕೂಗಾಡ್ತಾರೆ, ಆಮೇಲೆ ಅವರೇ ಸುಮ್ಮನಾಗ್ತಾರೆ. ಬಿಟ್ಟಾಕಿ.”

ಮೂಲೆಯಲ್ಲಿ ಕೂತಿದ್ದ ಒಬ್ಬ ಅಜ್ಜಿ ತಟ್ಟೆ ದೂಡಿ, “ವಾಡಿನಿ ಇಕ್ಕಡಿಕಿ ಪಿಲುವಯ್ಯಾ!” ಅಂದಳು, ಅವನನ್ನ ಇಲ್ಲಿಗೆ ಕರಿ ಅಂತ. ಮಾಲೀಕರ ಮುಖ ಕೆಂಪಾಗಿತ್ತು. ಫೋನ್ ಕತ್ತರಿಸಿ, “ತಗೊಂಡೋಗಮ್ಮ. ಅವನ ಹತ್ರ ನಾನು ಮಾತಾಡ್ಕೊಂತೀನಿ” ಅಂದರು.

ಭವ್ಯ ಬ್ಯಾಗಿನಿಂದ ಸ್ಪ್ಯಾನರ್ ತೆಗೆದಳು. ದಾರಿಯಲ್ಲಿ ಏನಾದರೂ ಸಡಿಲವಾದರೆ ಅಂತ ತಂದಿದ್ದಳು. ಅವಳು ಕುರ್ಚಿ ಹತ್ತಿ ಬೋಲ್ಟು ಬಿಚ್ಚಿದಳು, ನಾನು ಕೆಳಗಿನಿಂದ ಭಾರ ಹಿಡಿದೆ. ಕೊನೆಯ ಬೋಲ್ಟು ಬಂದಾಗ ಗೋಡೆಯ ಸುಣ್ಣವೆಲ್ಲ ನನ್ನ ತಲೆ ಮೇಲೆ ಸುರಿಯಿತು.

ಬಸ್ಸಿನವರು ಹತ್ತಿಸಲಿಲ್ಲ. ಶ್ರೀನಿವಾಸಪುರದ ಮಂಡಿಗೆ ಮಾವು ಹೊತ್ತು ಹೊರಟಿದ್ದ ಟೆಂಪೋದವನು ಬಸ್ಸಿನಷ್ಟೇ ಬಾಡಿಗೆಗೆ ಒಪ್ಪಿದ. ಮೂತಿಯನ್ನು ಮಾವಿನ ಕ್ರೇಟುಗಳ ಮೇಲೆ ಅಂಗಾತ ಮಲಗಿಸಿ ಕಟ್ಟಿದೆವು. ಅವನು ಎರಡು ಬಾದಾಮಿ ಮಾವಿನ ಹಣ್ಣು ಕೊಟ್ಟ. ಸಿಟ್ಟಿನಲ್ಲಿ ತಿಂದದ್ದಕ್ಕೆ ರುಚಿ ಗೊತ್ತಾಗಲಿಲ್ಲ.

ಶಂಕರಪ್ಪ ಅಂಗಡಿಯ ಮುಂದೆ ಸ್ಟೂಲ್ ಹಾಕಿ ಕೂತಿದ್ದ. ಎದ್ದು, “ಅಕ್ಕಾ, ಅಷ್ಟಕ್ಕೆಲ್ಲ...” ಅನ್ನುವಷ್ಟರಲ್ಲಿ ನಾನು ಶುರು ಮಾಡಿದೆ.

“ಕೂತ್ಕೊಳ್ಳೋ! ಹೆಂಗಸ್ರು ಎಷ್ಟೊತ್ತು ಕೂಗಾಡ್ತಾರೆ ಅಂತ ನಿಂಗೆ ಗೊತ್ತಲ್ಲ, ಈಗ ಕೂತ್ಕೊಂಡು ಪೂರ್ತಿ ಕೇಳು!”

ಏನೇನು ಅಂದೆನೋ ಎಲ್ಲ ನೆನಪಿಲ್ಲ. ಅಪ್ಪನ ಬಗ್ಗೆ ಹೇಳಿದೆ, ಮಾಲೂರಿನ ಗೇರ್‌ಬಾಕ್ಸಿನ ಬಗ್ಗೆ ಹೇಳಿದೆ, ಉಜ್ಜಿ ಉಜ್ಜಿ ಸಿಪ್ಪೆ ಎದ್ದ ಭವ್ಯಳ ಬೆರಳುಗಳ ಬಗ್ಗೆ ಹೇಳಿದೆ. ಅಕ್ಕಪಕ್ಕದ ಅಂಗಡಿಯವರು ಹೊರಗೆ ಬಂದು ನಿಂತರು. ಅವನು ಕೂತೇ ಇದ್ದ. ಭವ್ಯ ಅಷ್ಟರಲ್ಲಿ ಮೂತಿ ಕೂರಿಸಿ, “ಅಮ್ಮ, ಈ ಕಡೆ ಒತ್ತಿ ಹಿಡ್ಕೋ” ಅಂದಳು. ಬಯ್ಯುತ್ತಲೇ ಒತ್ತಿ ಹಿಡಿದೆ. ಬಿಟ್ಟಿಗೇ ಬಣ್ಣ ಮುಗಿಸಿಕೊಡುತ್ತೀನಿ ಅಂದ ಶಂಕರಪ್ಪ. ಬೇಡ ಅಂತ ನಾವು ಕೊಡಿಸಿದ್ದ ನೀಲಿ ಬಣ್ಣದ ಡಬ್ಬಿಯನ್ನು ಎತ್ತಿ ಕ್ಯಾಬಿನ್ನಿನಲ್ಲಿಟ್ಟುಕೊಂಡೆ.

ಹೋಟೆಲ್ಲಿನವರು ಲೈಟಿನ ವೈರು ಕತ್ತರಿಸಿಬಿಟ್ಟಿದ್ದರು. ಕತ್ತಲಾಗುವ ಮುಂಚೆ ಊರು ಸೇರಬೇಕಿತ್ತು. ಭವ್ಯಳೇ ಓಡಿಸಿದಳು. ಅಂಗಡಿ ತಿರುವಿನಲ್ಲಿ ಮರೆಯಾದ ಮೇಲೂ ನನ್ನ ಬಾಯಿ ನಿಲ್ಲಲಿಲ್ಲ. ಶಂಕರಪ್ಪ ಮುಗಿದು ತಮ್ಮನ ಸರದಿ ಬಂತು, ಗುಜರಿಗೆ ಹಾಕ್ತೀನಿ ಅಂದದ್ದಕ್ಕೆ. ಆಮೇಲೆ, ಇನ್ನೂ ಬಯ್ಯುತ್ತಲೇ ಇದ್ದೀನಿ ಅಂತ ಗೊತ್ತಾಗಿ ಸುಮ್ಮನಾದೆ.

“ಯಾಕ್ ನಿಲ್ಲಿಸ್ದೆ?” ಅಂದಳು ಭವ್ಯ, ರಸ್ತೆಯಿಂದ ಕಣ್ಣು ತೆಗೆಯದೆ. “ಬೈಯಮ್ಮ. ಇನ್ನೂ ದೂರ ಇದೆ.”

ಸಂಜೆಯ ಮಬ್ಬಿಗೆ ಸುಗಟೂರು ಬಂತು. ಯಜಮಾನರು ಶಿಫ್ಟ್ ಮುಗಿಸಿ ಬಂದು ಜಗಲಿಯ ಮೇಲೆ ಕೂತಿದ್ದರು. ಅರ್ಧ ನೀಲಿ, ಅರ್ಧ ಕೆಂಪು ಗಾಡಿ ನೋಡಿ, “ಇದೇನು? ನಾನಾದ್ರೂ ಹೋಗಿ ಮಾತಾಡಿ ತರ್ತಿದ್ನಲ್ಲ” ಅಂದರು.

ನಾವಿಬ್ಬರೂ ಒಟ್ಟಿಗೇ ಅವರ ಕಡೆ ತಿರುಗಿದೆವು. ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ಅವಳ ಮುಖ ನೋಡಿದರು. ಆಮೇಲೆ ಚಪ್ಪಲಿ ಹಾಕಿಕೊಂಡು ಗೇಟು ತೆಗೆಯಲು ಬಂದರು.