ಪ್ರೊಜೆಕ್ಟರಿನ ಆಯುಧಪೂಜೆ

ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡು ಬಂದಿದೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಥರ್ಮಾಕೋಲು ಮತ್ತು ಹೊಸ ಪ್ಲಾಸ್ಟಿಕ್ಕಿನ ವಾಸನೆ ಎಂಟನೇ ತರಗತಿಯನ್ನೆಲ್ಲ ತುಂಬಿತು. ಜೆ.ಪಿ. ನಗರದ ಈ ಶಾಲೆಯಲ್ಲಿ ನಾನು ವಿಜ್ಞಾನದ ಮೇಡಂ ಆಗಿ ಹತ್ತು ವರ್ಷದ ಮೇಲಾಯಿತು. ಇದುವರೆಗೆ ಇಲ್ಲಿಗೆ ಬಂದ ಅತಿ ದೊಡ್ಡ ತಂತ್ರಜ್ಞಾನವೆಂದರೆ ನೀರು ಶುದ್ಧ ಮಾಡುವ ಯಂತ್ರ, ಅದೂ ಕೆಟ್ಟು ಕೂತಿದೆ.

ಬೋರ್ಡಿನ ಜೊತೆ ಕಂಪನಿಯಿಂದ ಟೈ ಕಟ್ಟಿಕೊಂಡ ಒಬ್ಬರು ಬಂದಿದ್ದರು. “ಮೇಡಂ, ನೀವಿನ್ನು ಏನೂ ಮಾಡೋ ಹಾಗೇ ಇಲ್ಲ. ಒಂದ್ ಕ್ಲಿಕ್ ಮಾಡಿ ಸೈಡಲ್ಲಿ ನಿಂತ್ಕೊಂಡ್ರೆ ಆಯ್ತು, ಪಾಠ ಅದೇ ಮಾಡುತ್ತೆ” ಎಂದರು. ಅವರು ಹೇಳಿದ್ದು ನನ್ನನ್ನು ಸಂತೋಷಪಡಿಸಲಿಕ್ಕೆ. ನನಗೆ ಮಾತ್ರ ಭಯವಾಯಿತು. ಪಾಠ ಅದೇ ಮಾಡಿದರೆ ನಾನೇನು ಬೋರ್ಡಿಗೆ ಬೀಸಣಿಗೆ ಬೀಸುತ್ತ ನಿಲ್ಲಬೇಕೇ? ಅಷ್ಟರಲ್ಲಿ ಅವರು ಒಂದು ಮಾದರಿ ಪಾಠ ಹಾಕಿದರು. ಮನುಷ್ಯನ ಜೀರ್ಣಾಂಗಗಳು, ಬಣ್ಣಬಣ್ಣವಾಗಿ, ಸಂಗೀತದ ಸಮೇತ. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪಾಪ, ಅವರು ತಮ್ಮ ಟೈ ನೋಡಿಕೊಂಡರು.

ನಾನು ನಕ್ಕಿದ್ದೇಕೆಂದು ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜಯನಗರದ ಕಡೆಯ ಒಂದು ಕಾಲೇಜಿನಲ್ಲಿ ಬಿ.ಎಡ್. ಓದುತ್ತಿದ್ದೆ. ಮೇಷ್ಟರಾಗುವ ಮೊದಲು ಮೇಷ್ಟರಂತೆ ನಟಿಸುವುದನ್ನು ಕಲಿಸುವ ಆ ಕೋರ್ಸಿನಲ್ಲಿ ಮೈಕ್ರೋ ಟೀಚಿಂಗ್ ಎಂಬುದೊಂದಿತ್ತು. ಅಂದರೆ ಮದುವೆಯಾಗಿ ಮಕ್ಕಳಿದ್ದವರೂ ಸೇರಿದಂತೆ ನಾವೆಲ್ಲ ಬೆಂಚಿನ ಮೇಲೆ ಎಂಟನೇ ಕ್ಲಾಸಿನ ಮಕ್ಕಳಂತೆ ಕೂರಬೇಕು, ಒಬ್ಬರು ಎದ್ದು ನಮಗೆ ಪಾಠ ಮಾಡಬೇಕು. ಯಾರಾದರೂ ಸರಿ ಉತ್ತರ ಹೇಳಿದರೆ “ಶಭಾಷ್” ಎಂದು ಹುರಿದುಂಬಿಸಬೇಕು. ಅದಕ್ಕೆ ಪುನರ್ಬಲನ ಕೌಶಲ ಎಂಬ ಭಾರವಾದ ಹೆಸರು. ಆ ಕೌಶಲ ನನಗೆ ಎಷ್ಟು ಹತ್ತಿತ್ತೆಂದರೆ, ಒಂದು ದಿನ ಬಸ್ಸಿನಲ್ಲಿ ಕಂಡಕ್ಟರು “ಬನಶಂಕರೀ” ಎಂದು ಕೂಗಿದಾಗ “ಶಭಾಷ್, ಸರಿಯಾದ ಉತ್ತರ” ಎಂದುಬಿಟ್ಟೆ. ಅವರು ಒಂದು ಕ್ಷಣ ನನ್ನನ್ನು ದಿಟ್ಟಿಸಿ, “ಇಳೀರಮ್ಮಾ ಮೊದ್ಲು” ಎಂದರು.

ಶಿಕ್ಷಣದಲ್ಲಿ ತಂತ್ರಜ್ಞಾನ ಎಂಬ ವಿಷಯವೂ ಇತ್ತು. ಮುಂದೆ ಕಪ್ಪುಹಲಗೆಯೇ ಇರುವುದಿಲ್ಲ, ನೋಟ್ಸ್ ಬರೆಸುವ ಪದ್ಧತಿ ಸತ್ತಂತೆಯೇ ಎಂದು ನಮ್ಮ ಉಪನ್ಯಾಸಕರು ಹೇಳುತ್ತಿದ್ದರು. ಅದನ್ನು ಅವರು ನಮಗೆ ನೋಟ್ಸ್ ಬರೆಸುತ್ತ ಹೇಳುತ್ತಿದ್ದರು. “ಸತ್ತಂತೆಯೇ, ಪೂರ್ಣವಿರಾಮ.”

ಅಭ್ಯಾಸ ಪಾಠಕ್ಕೆ ನನ್ನನ್ನು ಹನುಮಂತನಗರದ ಒಂದು ಶಾಲೆಗೆ ಹಾಕಿದರು. ಜೊತೆಗೆ ಬಾಗಲಕೋಟೆ ಕಡೆಯ ಶಿವಲೀಲಾ. ಬಿ.ಟಿ.ಎಂ. ಲೇಔಟಿನಲ್ಲಿ ಅಕ್ಕನ ಮನೆಯಲ್ಲಿದ್ದು ಓದುತ್ತಿದ್ದ ಅವಳ ದನಿಗೆ ಮೈಕು ಬೇಕಿರಲಿಲ್ಲ. ಅವಳ ತರಗತಿಯಲ್ಲಿ ಮಕ್ಕಳು ನಗುತ್ತಿದ್ದರು, ಜಗಳವಾಡುತ್ತಿದ್ದರು. ನನಗೆ ಸಿಕ್ಕ ಎಂಟನೇ ‘ಬಿ’ ಮಾತ್ರ ಅತಿ ಒಳ್ಳೆಯ ತರಗತಿ. ನಾನು “ಅರ್ಥ ಆಯ್ತಾ?” ಎಂದು ಬಾಯಿ ತೆರೆಯುವ ಮೊದಲೇ “ಆಯ್ತೂ ಮಿಸ್” ಎಂದು ಇಡೀ ತರಗತಿ ರಾಗ ತೆಗೆಯುತ್ತಿತ್ತು. ಒಮ್ಮೆ ನಾನು ಒಳಗೆ ಬಂದು ಸೀಮೆಸುಣ್ಣ ಹುಡುಕುತ್ತಿದ್ದಾಗಲೇ “ಆಯ್ತೂ ಮಿಸ್” ಎಂದರು. ಒಂದೇ ಒಂದು ಪ್ರಶ್ನೆ ಇಲ್ಲ. ಮನೆಗೆ ಹೋಗಿ ಬಚ್ಚಲಲ್ಲಿ ಅತ್ತಿದ್ದೂ ಉಂಟು. ಕೊನೆಗೆ ಪಾಠ ನೋಡಿ ಅಂಕ ಕೊಡಲು ಬರುವ ಪರೀಕ್ಷಕರ ಮುಂದೆಯೂ ಈ ಮಕ್ಕಳು ಹೀಗೇ ಕೂತರೆ ನಾನು ಫೇಲಾಗುವುದು ಖಂಡಿತವಾಗಿತ್ತು. ಅದಕ್ಕಿಂತ ದೊಡ್ಡ ಹೆದರಿಕೆ, ಇದು ನನ್ನ ಕೈಲಾಗುವ ಕೆಲಸವೇ ಅಲ್ಲವೇನೋ ಎಂಬುದು.

“ಪ್ರೊಜೆಕ್ಟರ್ ತಗೋ. ಗೋಡಿ ಮ್ಯಾಲೆ ಚಿತ್ರ ಬಿತ್ತಂದ್ರ ಹುಡುಗ್ರು ತಾವಾಗೇ ಬಾಯಿ ಬಿಡ್ತಾವ” ಎಂದಳು ಶಿವಲೀಲಾ.

ಆ ಶಾಲೆಯಲ್ಲಿ ಒಂದು ಪ್ರೊಜೆಕ್ಟರ್ ನಿಜಕ್ಕೂ ಇತ್ತು. ಕೆಳಗೆ ದೀಪ, ಮೇಲೆ ಚಪ್ಪಟೆ ಗಾಜು. ಪಾರದರ್ಶಕ ಹಾಳೆಯಲ್ಲಿ ಚಿತ್ರ ಬರೆದು ಗಾಜಿನ ಮೇಲಿಟ್ಟರೆ ಅದು ಗೋಡೆಯ ಮೇಲೆ ದೊಡ್ಡದಾಗಿ ಬೀಳುವ ಯಂತ್ರ. ಯಾರೋ ಹಳೆಯ ವಿದ್ಯಾರ್ಥಿ ಕೊಟ್ಟದ್ದು. ಹೆಡ್‌ಮಿಸ್ ಸುಶೀಲಮ್ಮನವರು ಅದಕ್ಕೆ ರೇಷ್ಮೆ ಸೀರೆಯ ತುಂಡಿನಿಂದ ಗವಸು ಹೊಲಿಸಿ ತಮ್ಮ ಕೋಣೆಯಲ್ಲಿಟ್ಟಿದ್ದರು. ಅದು ಕೆಲಸ ಮಾಡಿದ್ದನ್ನು ಯಾರೂ ನೋಡಿರಲಿಲ್ಲ. ಕೆಟ್ಟುಹೋಗದಿರಲೆಂದು ಅವರು ಅದನ್ನು ಬಳಸುತ್ತಿರಲಿಲ್ಲ. ನಾನು ಬಹಳ ಗೋಗರೆದ ಮೇಲೆ, ದಸರಾ ರಜೆ ಮುಗಿದು ನನ್ನ ಪರೀಕ್ಷಾ ಪಾಠ ಇದ್ದ ದಿನಕ್ಕೆ ಕೊಡಲು ಒಪ್ಪಿದರು.

ಪಾಠ ಜೀರ್ಣಾಂಗಗಳದ್ದು. ಅದರಲ್ಲೊಂದು ಪೀಡೆ. ಬಾಯಿ, ಅನ್ನನಾಳ, ಜಠರ, ಕರುಳು ಎಲ್ಲ ಸಲೀಸು. ಕೊನೆಯಲ್ಲಿ ಗುದದ್ವಾರ ಎಂಬ ಪದ ಬರುತ್ತದೆ. ಹೈಸ್ಕೂಲಿನಲ್ಲಿ ನಮ್ಮ ಮೇಷ್ಟರು ಅಲ್ಲಿಗೆ ಬಂದಾಗ ಕೆಮ್ಮಿ, “ಉಳಿದದ್ದು ನೀವೇ ಓದ್ಕೊಳ್ಳಿ” ಎಂದಿದ್ದರು. ಪರೀಕ್ಷಕರ ಮುಂದೆ ಕೆಮ್ಮುವಂತಿಲ್ಲ. ಹಾಗಾಗಿ ಬನಶಂಕರಿಯ ನಮ್ಮ ಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತು ನೋಡಿಕೊಂಡು ಕನ್ನಡಿಯ ಮುಂದೆ ಆ ಪದವನ್ನು ಅಭ್ಯಾಸ ಮಾಡುತ್ತಿದ್ದೆ. ಒಂದು ದಿನ ಕುಕ್ಕರ್ ಥಟ್ಟನೆ ನಿಂತಿತು, ನನ್ನ ದನಿ ನಿಲ್ಲಲಿಲ್ಲ. ದೇವರ ಮನೆಯಿಂದ ಅಜ್ಜಿ ಕೇಳಿದರು, “ಯಾವ ದ್ವಾರಾನೇ? ಹರಿದ್ವಾರಾನಾ?”

“ಹ್ಞೂಂ ಅಜ್ಜಿ.”

“ಹೋಗ್ಬಿಟ್ಟು ಬಾ ಮಗು. ಎಲ್ಲರಿಗೂ ಸಿಗೋ ಪುಣ್ಯ ಅಲ್ಲ ಅದು.”

ಪರೀಕ್ಷೆಯ ದಿನ ಸುಶೀಲಮ್ಮನವರು ಗವಸು ತೆಗೆದರು. ರಜೆಗೆ ಮುಂಚೆಯೇ ಶಾಲೆಯಲ್ಲಿ ಆಯುಧಪೂಜೆ ಮುಗಿಸಿದ್ದರಲ್ಲ, ಪ್ರೊಜೆಕ್ಟರಿಗೂ ಭರ್ಜರಿ ಪೂಜೆಯಾಗಿತ್ತು. ಗಾಜಿನ ನಡುವೆ ಅಂಗೈಯಗಲ ಗಂಧ, ಅದರ ಮೇಲೆ ದಪ್ಪ ಕುಂಕುಮ, ಸುತ್ತ ಅಂಟಿಕೊಂಡ ಅಕ್ಷತೆ. ಚಪ್ಪಟೆಯಾಗಿದೆ ಎಂದು ನೈವೇದ್ಯದ ತಟ್ಟೆಯನ್ನೂ ಅದರ ಮೇಲೇ ಇಟ್ಟಿದ್ದರೆಂಬುದಕ್ಕೆ ಬೆಲ್ಲದ ಪಂಚಕಜ್ಜಾಯ ಅಂಚಿನಲ್ಲಿ ಉದುರಿತ್ತು.

“ಒರೆಸಲಾ ಮಿಸ್?” ಎಂದೆ.

“ಪರೀಕ್ಷೆ ದಿನ ಕುಂಕುಮ ಒರೆಸ್ತಾರೇನಮ್ಮಾ! ಅದೇ ನಿನ್ನ ಕಾಪಾಡುತ್ತೆ.”

ವಿಜ್ಞಾನದ ಪದವೀಧರೆ ನಾನು. ಬೆಳಕಿಗೆ ಅಡ್ಡ ಬಂದದ್ದು ನೆರಳಾಗುತ್ತದೆ ಎಂದು ರಜೆಗೆ ಹಿಂದಿನ ವಾರವಷ್ಟೇ ಪಾಠ ಮಾಡಿದ್ದೆ. ಆದರೂ ಒರೆಸುವ ಧೈರ್ಯ ಬರಲಿಲ್ಲ. ಕಣ್ಣಿಗೊತ್ತಿಕೊಂಡು ಎತ್ತಿಕೊಂಡು ಹೋದೆ.

ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲು ಮಾಡಿದ್ದೆವು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು ಕೂತಿದ್ದರು. ಸಫಾರಿ ತೊಟ್ಟ ಹಿರಿಯರು, ನಗು ಎಂದರೇನೆಂದು ಪುಸ್ತಕದಲ್ಲಿ ಓದಿ ತಿಳಿದವರಂತಿದ್ದರು. ನಾನು ಹಾಳೆ ಇಟ್ಟು ಸ್ವಿಚ್ ಒತ್ತಿದೆ. ಗೋಡೆಯ ತುಂಬ ಜೀರ್ಣಾಂಗಗಳು ಬಿದ್ದವು. ಜಠರದ ನಟ್ಟನಡುವೆ ಮಡಕೆಯಷ್ಟು ದೊಡ್ಡ ಕಪ್ಪು ಮುದ್ದೆ, ಪಕ್ಕದಲ್ಲಿ ಸೌತೆಕಾಯಿ ಗಾತ್ರದ ಕಾಳುಗಳು.

ಮಕ್ಕಳು ಕತ್ತು ಚಾಚಿ ನೋಡಿದರು. ಆಮೇಲೆ ಯಾರೋ ಮೆಲ್ಲಗೆ, “ಮುದ್ದೆ ನುಂಗವ್ನೆ ಮಿಸ್” ಎಂದರು. ಇನ್ನೊಂದು ದನಿ, “ಅನ್ನಾನೂ ತಿಂದಿದಾನೆ ಮಿಸ್, ಅಗಿದೇ ಇಲ್ಲ!”

ನಾನು “ಸೈಲೆನ್ಸ್” ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ಗೋಡೆಯ ಕೆಳ ಅಂಚಿನಲ್ಲಿ ಬೆಕ್ಕಿನಷ್ಟು ದೊಡ್ಡದೇನೋ ಕಾಲಾಡಿಸಿತು. ಮುಂದಿನ ಬೆಂಚು ಕಿಟಾರನೆ ಕಿರುಚಿತು. ರಜೆಯಲ್ಲಿ ಪಂಚಕಜ್ಜಾಯಕ್ಕೆ ಬಂದು ಯಂತ್ರದೊಳಗೇ ಮನೆ ಮಾಡಿದ್ದ ಒಂದು ಇರುವೆ, ದೀಪದ ಬಿಸಿ ತಾಳದೆ ಗಾಜಿನ ಮೇಲೆ ಬಂದಿತ್ತು. ಬಂದದ್ದು ಬಂತು, ಬಾಯಿಂದ ಬರಬಾರದಿತ್ತೇ? ನಾನು ವಾರಗಟ್ಟಲೆ ಕನ್ನಡಿ ಮುಂದೆ ಹೆಣಗಿದ್ದ ಜಾಗದಿಂದಲೇ ಒಳಗೆ ಕಾಲಿಟ್ಟಿತು.

“ಮಿಸ್, ಗುದದ್ವಾರದಿಂದ ಬರ್ತಿದೆ!” ಎಂದು ಇಡೀ ಎಂಟನೇ ‘ಬಿ’ ಒಕ್ಕೊರಲಿನಿಂದ ಕೂಗಿತು. ಯಾರಿಗೂ ಕೆಮ್ಮು ಬರಲಿಲ್ಲ.

ಆಮೇಲೆ ಪಾಠ ಮಾಡಿದ್ದು ನಾನಲ್ಲ. “ದೊಡ್ಡ ಕರುಳಿಗೆ ಹೋಯ್ತು!” “ಈಗ ಸಣ್ಣ ಕರುಳು!” “ಲೇ, ಶಾರ್ಟ್‌ಕಟ್ ಹೊಡೀತು ಕಣೋ!” ಮಕ್ಕಳು ಎದ್ದು ನಿಂತಿದ್ದರು. ಇರುವೆ ಜಠರ ತಲುಪಿ, ಕುಂಕುಮವನ್ನು ಸುತ್ತು ಹಾಕಿ, ಅನ್ನನಾಳ ಹತ್ತಿ ಬಾಯಿಂದ ಹೊರಟುಹೋದಾಗ ಚಪ್ಪಾಳೆ ಬಿತ್ತು. ನಾನು ಪರೀಕ್ಷಕರ ಕಡೆ ನೋಡಲಿಲ್ಲ. ನನ್ನ ಕಥೆ ಮುಗಿಯಿತೆಂದೇ ತಿಳಿದೆ.

ಆಗ ಕೊನೆಯ ಬೆಂಚಿನ ಮಂಜುಳಾ ಕೈ ಎತ್ತಿದಳು. ಅಷ್ಟು ದಿನದಲ್ಲಿ ಅವಳ ದನಿ ಹೇಗಿದೆಯೆಂದೇ ನನಗೆ ತಿಳಿದಿರಲಿಲ್ಲ. “ಮಿಸ್, ಸಣ್ಣ ಕರುಳು ಯಾಕೆ ಅಷ್ಟೊಂದು ಸುತ್ಕೊಂಡಿದೆ? ನೆಟ್ಟಗಿದ್ರೆ ಬೇಗ ಆಗ್ತಿರಲಿಲ್ವಾ?”

ನನ್ನ ಜೀವಮಾನದ ಮೊದಲ ಪ್ರಶ್ನೆ! ಪಾಠದ ಯೋಜನೆಯಲ್ಲಿ ಅದಿರಲಿಲ್ಲ. ಯೋಜನೆಯನ್ನು ಮೇಜಿನ ಮೇಲಿಟ್ಟೆ. “ಬನಶಂಕರಿಯಿಂದ ಹೊರಟ ಬಸ್ಸು ಜಯನಗರದ ಒಂದೊಂದು ಬ್ಲಾಕಿಗೂ ಯಾಕೆ ನುಗ್ಗುತ್ತೆ ಹೇಳು?”

“ಎಲ್ಲಾರೂ ಇಳೀಬೇಕಲ್ಲ ಮಿಸ್.”

“ನೆಟ್ಟಗೆ ಹೋಗ್ಬಿಟ್ರೆ?”

“ಯಾರೂ ಇಳಿಯೋಕಾಗಲ್ಲ.” ಅವಳು ಸ್ವಲ್ಪ ಹೊತ್ತು ಗೋಡೆ ನೋಡಿದಳು. “ಓ! ಊಟದಲ್ಲಿರೋದೆಲ್ಲಾ ಅಲ್ಲೇ ಇಳೀಬೇಕಾ ಮಿಸ್, ಮೈಗೆ?”

“ಶಭಾಷ್” ಎಂದೆ. ಆ ಪದವನ್ನು ಕೌಶಲವೆಂದು ಹೇಳದೆ ಸುಮ್ಮನೆ ಹೇಳಿದ್ದು ಅದೇ ಮೊದಲು. ನನಗೆ ಎಷ್ಟು ಖುಷಿಯಾಯಿತೆಂದರೆ ಪರೀಕ್ಷಕರಿರುವುದೇ ಮರೆತುಹೋಯಿತು.

ಅವರು ಮರೆತಿರಲಿಲ್ಲ. ಎದ್ದು ಬಂದು, ಜೀರ್ಣಾಂಗಗಳನ್ನು ಕ್ರಮವಾಗಿ ಹೇಳಿ ಎಂದು ಮಕ್ಕಳನ್ನೇ ಕೇಳಿದರು. ಇಡೀ ತರಗತಿ ಒಂದೂ ತಪ್ಪಿಲ್ಲದೆ ಒಪ್ಪಿಸಿತು: “ಗುದದ್ವಾರ, ಗುದನಾಳ, ದೊಡ್ಡ ಕರುಳು, ಸಣ್ಣ ಕರುಳು, ಜಠರ, ಅನ್ನನಾಳ, ಬಾಯಿ!” ಪರೀಕ್ಷಕರ ಮೀಸೆ ಅಲುಗಾಡಿತು, ಸಫಾರಿ ಅಲುಗಾಡಿತು, ಕೊನೆಗೆ ಅವರೇ ಇಡಿಯಾಗಿ ಅಲುಗಾಡಿ ಬೆಂಚು ಹಿಡಿದುಕೊಂಡು ನಕ್ಕರು. “ಪಾಸ್ ಮಾಡ್ತೀನಮ್ಮಾ” ಎಂದರು ಕಣ್ಣೊರೆಸಿಕೊಳ್ಳುತ್ತ. “ನಾಳೆ ಇವರಿಗೆ ಊಟ ಯಾವ ಕಡೆಯಿಂದ ಮಾಡ್ಬೇಕು ಅನ್ನೋದನ್ನ ಮಾತ್ರ ಹೇಳ್ಕೊಟ್ಬಿಡಿ.”

ಸುಶೀಲಮ್ಮನವರು ಅದೆಲ್ಲ ಕುಂಕುಮದ ಮಹಿಮೆ ಎಂದರು. ಶಿವಲೀಲಾ ತನ್ನ ಸಲಹೆಯ ಮಹಿಮೆ ಎಂದಳು. ಯಂತ್ರದ ಮಹಿಮೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಸ್ಮಾರ್ಟ್ ಬೋರ್ಡಿನಲ್ಲಿ ಅನ್ನದ ತುತ್ತೊಂದು ಸಂಗೀತದ ಜೊತೆ, ಬಾಯಿಯಿಂದ ಕ್ರಮವಾಗಿ, ಎಲ್ಲೂ ತಡವರಿಸದೆ ಕೆಳಗಿಳಿಯುತ್ತಿತ್ತು. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ನನ್ನ ತರಗತಿಯ ಮಕ್ಕಳು ಕೈಕಟ್ಟಿ ಕೂತಿದ್ದರು. ಈ ಬೋರ್ಡಿನ ಬಗ್ಗೆ ನನಗೆ ಭಯ ಉಳಿದಿರಲಿಲ್ಲ, ತಿಳಿದುಕೊಳ್ಳಬೇಕಾದದ್ದು ಒಂದೇ ಉಳಿದಿತ್ತು.

“ಇದನ್ನ ಮಧ್ಯದಲ್ಲಿ ನಿಲ್ಲಿಸೋದು ಹೇಗೆ?” ಎಂದೆ.

ಟೈಯವರು ಅಚ್ಚರಿಯಿಂದ ನೋಡಿದರು. “ಯಾಕ್ ಮೇಡಂ ನಿಲ್ಲಿಸ್ಬೇಕು? ಕೊನೇಲಿ ಅದೇ ನಿಲ್ಲುತ್ತೆ.”

“ನಡುವೆ ಯಾರಾದ್ರೂ ಏನಾದ್ರೂ ಕೇಳಿದ್ರೆ?”

ಅವರು ರಿಮೋಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಎಷ್ಟೋ ಶಾಲೆಗಳಿಗೆ ಹೋಗಿದ್ದರಂತೆ, ಯಾರೂ ಅದನ್ನು ಕೇಳಿರಲಿಲ್ಲವಂತೆ. ಕೊನೆಗೆ ಗುಂಡಿ ಸಿಕ್ಕಿತು. ತುತ್ತು ಗಂಟಲಲ್ಲೇ ನಿಂತಿತು, ಸಂಗೀತವೂ ನಿಂತಿತು. ರಿಮೋಟನ್ನು ಅವರ ಕೈಯಿಂದ ಇಸಿದುಕೊಂಡು ನಾನು ಮಕ್ಕಳ ಕಡೆ ತಿರುಗಿ, ಅವರಲ್ಲಿ ಯಾರಾದರೂ ಬಾಯಿ ಬಿಡುವವರೆಗೆ ಕಾಯುತ್ತ ನಿಂತೆ.