ಹಗಲು ಗೂಗೆಯ ಮಾಸ್ತರರು

ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಿದ್ದಾಗ ಸುದ್ದಿ ಬಂತು: ಪಕ್ಕದ ಮನೆಯ ವಿಜ್ಞಾನದ ಮಾಸ್ತರರ ಮಾಳಿಗೆಯ ಮೇಲೆ ಗೂಗೆ ಕೂತಿದೆ, ಅಪಶಕುನ, ಒಂದು ತಿಂಗಳು ಅವರು ಮನೆ ಬಿಡಬೇಕಂತೆ. ಅವರ ಹೆಂಡತಿ ತುಂಬು ಬಸುರಿ. ಗೂಗೆಯೋ, ಮಾಸ್ತರರು ಪಾಠಕ್ಕೆಂದು ಗೊಂಬೆಗಳ ಊರು ಕಿನ್ನಾಳದಲ್ಲಿ ಮಾಡಿಸಿ ತಂದು, ಬಣ್ಣ ಒಣಗಲು ಬಿಸಿಲಿಗೆ ಇಟ್ಟಿದ್ದ ಕಟ್ಟಿಗೆಯದು.

"ಕಟ್ಟಿಗಿದಾದ್ರೇನ್ರಿ, ಕಣ್ಣು ಬರೆದ ಮ್ಯಾಲ ಜೀವ ಬಂದಂಗ" ಎಂದರು ಶಕುನ ನೋಡಿ ಹೇಳುವ ಓಣಿಯ ಅಯ್ಯನವರು.

ಮಾಸ್ತರರು ಎಂದಿನಂತೆ ಬೆರಳೆತ್ತಿದರು. "ತಪ್ಪು ತಿಳಕೋಬ್ಯಾಡ್ರಿ. ಇದು ಉತ್ತರದ ಹಿಮದ ಕಾಡಿನ ಗೂಗಿ. ಹಗಲೇ ಗಿಡದ ತುದಿಗಿ ಕುಂತು ಇಲಿ ಹಿಡಿತೈತಿ, ರಾತ್ರಿ ಮಲಗತೈತಿ."

ಅಯ್ಯನವರು ಬಹಳ ಹೊತ್ತು ಯೋಚಿಸಿದರು. "ಹಂಗಾದ್ರ ಹಗಲಷ್ಟ ಮನಿ ಬಿಡ್ರಿ."

ಮಾಸ್ತರರು ಹೆಂಡತಿಯೊಡನೆ ನಮ್ಮ ಪಡಸಾಲೆಗೆ ಬಂದರು. "ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ, ಹೊತ್ತು ಮುಳುಗೂತನ."

ರಾತ್ರಿಯಾದರೂ ಆಕೆ ತನ್ನ ಹಾಸಿಗೆಯಲ್ಲಿ ಮಲಗುತ್ತಾಳಲ್ಲ, ದೇವರು ದೊಡ್ಡವನು ಎಂದುಕೊಂಡು, ನಾಲ್ಕು ರೊಟ್ಟಿಯ ಹಿಟ್ಟು ಹೆಚ್ಚಿಗೆ ನಾದಿದೆ.